ಇಲ್ಲೇನಾ, ಪಾರ್ಸಲ್ಲಾ?

ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ಬಿಲ್ ಕೌಂಟರಿನಲ್ಲಿ ಮೊದಲು ಎದುರಾಗುವ ಪ್ರಶ್ನೆ ಇದೇ ತಾನೆ? ಕಾಫಿ ಶಾಪಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರೆ ಅಲ್ಲೂ ಇದನ್ನೇ “ಟೇಕ್ ಅವೇನಾ ಸರ್?” ಎನ್ನುತ್ತಾರೆ, ಅಷ್ಟೆ. ಈಚೆಗೆ ನಾನು ಅಲ್ಲಿ ಬರ್ಗರ್ ಪಾರ್ಸಲ್ ಹೇಳುವ ರೂಢಿ ಮಾಡಿಕೊಂಡಿದ್ದೇನೆ. ಕಾಫಿ ಅಂಗಡಿಗೆ ಹೋಗಿ ಕಾಫಿ ಬಿಟ್ಟು ಬರ್ಗರ್ ತರುವುದು ಯಾವ ನ್ಯಾಯ ಎಂದು ನೀವು ಕೇಳಬಹುದು. ಉತ್ತರ ಇದೆ, ಇಲ್ಲವೆಂದಲ್ಲ. ಆದರೆ ಅದಕ್ಕೂ ಮೊದಲು ಪಾರ್ಸಲ್ ಬಗ್ಗೆ ನಾಲ್ಕು ಮಾತು ಆಡಿಬಿಡಬೇಕು. ಅವಸರವೇನೂ ಇಲ್ಲವಲ್ಲ?

ಹಳೆಯ ಹೋಟೆಲುಗಳಲ್ಲಿ ಪಾರ್ಸಲ್ ಕಟ್ಟುವವರನ್ನು ನೀವು ನಿಂತು ನೋಡಿದ್ದೀರಾ? ಗಲ್ಲಾದ ಪಕ್ಕದಲ್ಲಿ ಒಂದು ಸಣ್ಣ ಮೇಜು. ಅದರ ಮೇಲೆ ಕತ್ತರಿಸಿಟ್ಟ ಬಾಳೆಲೆಯ ತುಂಡುಗಳು, ಒಂದು ಕಟ್ಟು ಹಳೆಯ ಪೇಪರು, ತಲೆಯ ಮೇಲೆ ಮೊಳೆಗೆ ತೂಗುಹಾಕಿದ ದಾರದ ಉಂಡೆ. ಪೇಪರ್ ಹಾಸಿ, ಎಲೆ ಇಟ್ಟು, ದೋಸೆ ಮಡಚಿ, ನಾಲ್ಕೂ ಕಡೆಯಿಂದ ಒತ್ತಿ, ಮೇಲಿನಿಂದ ದಾರ ಎಳೆದು ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು. ಕೊನೆಗೆ ದಾರವನ್ನು ತೋರುಬೆರಳಿಗೆ ಸುತ್ತಿ ಒಂದೇ ಒಂದು ಜಗ್ಗು, ಟಪ್ಪೆಂದು ತುಂಡಾಗುತ್ತಿತ್ತು. ಆ ಮೇಜಿನ ಮೇಲೆ ಕತ್ತರಿ ಇದ್ದದ್ದನ್ನು ನಾನು ಕಂಡೇ ಇಲ್ಲ. ಸಾಂಬಾರಿಗೆ ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ಯಬೇಕಿತ್ತು. ಡಬ್ಬಿ ಮರೆತವರಿಗೆ ಚಟ್ನಿಯೊಂದೇ ಗತಿ.

ಮನೆಗೆ ತಂದು ಬಿಚ್ಚುವಷ್ಟರಲ್ಲಿ ದೋಸೆಯ ಗರಿಗರಿ ಹೋಗಿರುತ್ತಿತ್ತು, ನಿಜ. ಅದರ ಬದಲು ಬಿಸಿಗೆ ಬಾಡಿದ ಬಾಳೆಲೆಯ ವಾಸನೆ ದೋಸೆಗೆ ಹತ್ತಿರುತ್ತಿತ್ತು. ಪಲ್ಯದ ಎಣ್ಣೆ ದೋಸೆಯ ಒಳಮೈಗೆ ಇಳಿದು ಅಲ್ಲೊಂದು ಮೆತ್ತನೆಯ ಪದರ ಆಗಿರುತ್ತಿತ್ತು. ಹೋಟೆಲಿನಲ್ಲೇ ಕೂತು ತಿಂದ ದೋಸೆಗೆ ಈ ಎರಡೂ ಇರುವುದಿಲ್ಲ. ಅದಕ್ಕೇ ಅಲ್ಲೇ ತಿನ್ನುವ ದೋಸೆ, ಕಟ್ಟಿಸಿಕೊಂಡು ಬಂದ ದೋಸೆ ಎರಡೂ ಬೇರೆ ಬೇರೆ ತಿಂಡಿಗಳು ಎಂದು ನಾನು ನಂಬಿದ್ದೇನೆ. ಬರ್ಗರಿನ ವಿಷಯದಲ್ಲೂ ನನ್ನ ವಾದ ಇದೇ. ತಿನ್ನುವ ಜಾಗ ಬದಲಾದರೆ ತಿಂಡಿಯೂ ಬದಲಾಗುತ್ತದೆ.

ಇನ್ನು ಕಾಫಿ ಅಂಗಡಿಗೂ ಬರ್ಗರಿಗೂ ಏನು ಸಂಬಂಧ ಎನ್ನುವವರಿಗೆ ನಾನು ಕಟ್ಲೆಟ್ ತೋರಿಸುತ್ತೇನೆ. ನಮ್ಮ ದೇಶದಲ್ಲಿ ಕಾಫಿ ಹೌಸ್ ಎನ್ನುವುದು 1936ರಲ್ಲಿ ಮುಂಬೈಯಲ್ಲಿ ಶುರುವಾಯಿತು, ಜನಕ್ಕೆ ಕಾಫಿಯ ರುಚಿ ಹತ್ತಿಸಬೇಕೆಂದು. ಆಮೇಲೆ ಕಾಫಿ ಬೋರ್ಡ್ ಅವನ್ನು ನಡೆಸಿತು. 1950ರ ದಶಕದಲ್ಲಿ ಬೋರ್ಡು ಕೈಬಿಡಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾತಿನ ಮೇಲೆ ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಬಡಿಸುವವರೇ ಮಾಲೀಕರಾದ ಹೋಟೆಲು! ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಎಂ.ಜಿ. ರಸ್ತೆಯಲ್ಲಿದ್ದ ಆ ಸಂಘದ ಕಾಫಿ ಹೌಸು 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಬಡಿಸುವವರಿಗೆ ಬಿಳಿ ಸಮವಸ್ತ್ರ, ತುರಾಯಿ ಬಿಟ್ಟ ಪೇಟ, ಸೊಂಟದ ಪಟ್ಟಿ. ಅವರು ತಂದಿಡುತ್ತಿದ್ದ ಬಿಳಿ ತಟ್ಟೆಯಲ್ಲಿ ಕಾಫಿಯ ಜೊತೆಗೆ ಕಟ್ಲೆಟ್ಟು, ಟೋಸ್ಟು, ಆಮ್ಲೆಟ್ಟು. ಕೇರಳದ ಕಾಫಿ ಹೌಸುಗಳಲ್ಲಂತೂ ಕಟ್ಲೆಟ್ಟಿಗೂ ಮಸಾಲೆ ದೋಸೆಯ ಪಲ್ಯಕ್ಕೂ ಬೀಟ್‌ರೂಟ್ ಬೀಳುತ್ತದೆ. ಬಿಚ್ಚಿದರೆ ಕೆಂಪೋ ಕೆಂಪು. ಮೊದಲ ಸಲ ತಿನ್ನುವವರು ದೋಸೆ ಬಿಡಿಸಿ ಬೆಚ್ಚುತ್ತಾರೆ, ಎರಡನೇ ಸಲ ಅದನ್ನೇ ಕೇಳಿ ತರಿಸುತ್ತಾರೆ.

ಈಗ ಹೇಳಿ, ಆ ಕಟ್ಲೆಟ್ಟಿನ ಮೇಲೊಂದು ಕೆಳಗೊಂದು ಬ್ರೆಡ್ಡು ಇಟ್ಟರೆ ಏನಾಯಿತು? ಕಾಫಿ ಮತ್ತು ಕಟ್ಲೆಟ್ ನಮ್ಮಲ್ಲಿ ಹಳೆಯ ಜೋಡಿ. ಬರ್ಗರ್ ಬಂದು ಆ ಜೋಡಿಯ ಮಧ್ಯೆ ಕೂತದ್ದಲ್ಲ, ಆ ಮನೆಯಲ್ಲೇ ಬೆಳೆದದ್ದು.

1996 ಎಂಬ ವರ್ಷದ ಮೇಲೆ ನನಗೊಂದು ವಿಶೇಷ ಪ್ರೀತಿ. ಆ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಅಂಗಡಿ ತೆರೆಯಿತು. ಕಾಫಿ ಕುಡಿಯುತ್ತ ಇಂಟರ್ನೆಟ್ ನೋಡಬಹುದು ಎನ್ನುವುದೇ ಆಗ ದೊಡ್ಡ ಸುದ್ದಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅದನ್ನು ಕಟ್ಟಿದವರು. ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಬೋರ್ಡಿಗೇ ಕೊಡಬೇಕಿದ್ದ ಕಟ್ಟು 1990ರ ದಶಕದಲ್ಲಿ ಸಡಿಲವಾಗದಿದ್ದರೆ, ತೋಟದ ಬೀಜ ನೇರವಾಗಿ ಪೇಟೆಯ ಕಪ್ಪಿಗೆ ಬರುವ ಈ ದಾರಿ ತೆರೆಯುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಮೆಕ್‌ಡೊನಾಲ್ಡ್ಸ್‌ನ ಮೊದಲ ಅಂಗಡಿ. ದನದ ಮಾಂಸವಿಲ್ಲದೆ ಬರ್ಗರ್ ಮಾರಲು ಅವರು ಹೊರಟ ಮೊದಲ ದೇಶ ನಮ್ಮದು. ದೆಹಲಿಯವರಿಗೆ ಬರ್ಗರ್ ಆಗಲೇ ಗೊತ್ತಿತ್ತು ಅನ್ನಿ. ಅಲ್ಲಿನ ನಿರುಲಾಸ್ 1970ರ ದಶಕದಿಂದಲೇ ಮಾರುತ್ತಿತ್ತು. ಆದರೂ ಹೊಸ ಕಾಲದ ಕಾಫಿ ಶಾಪು, ಆಲೂಗಡ್ಡೆಯ ಬರ್ಗರು ಎರಡಕ್ಕೂ ದಾರಿಯಾದದ್ದು ಒಂದೇ ವರ್ಷ ಎನ್ನುವುದು ಚೆಂದವಲ್ಲವೆ? ಎರಡೂ ಮುಂದೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಸೇರಿದವು.

ಸೇರಲೇಬೇಕಿತ್ತು. ಒಂದು ಕ್ಯಾಪುಚಿನೊ ಮುಂದಿಟ್ಟುಕೊಂಡು ನಾವು ಎಷ್ಟು ಹೊತ್ತು ಕೂರುತ್ತೇವೆ? ಒಂದು ಕಪ್ಪಿಗೆ ಒಂದು ಮೇಜು ಒಂದು ಸಂಜೆ ಕೊಟ್ಟರೆ ಅಂಗಡಿಯ ಬಾಡಿಗೆ ಹುಟ್ಟಬೇಕಲ್ಲ. ಹಾಗಾಗಿ ತಿಂಡಿ ಬೇಕು. ಆದರೆ ಬಹಳಷ್ಟು ಕಾಫಿ ಶಾಪುಗಳಲ್ಲಿ ಒಲೆ ಹಚ್ಚುವ ಅಡುಗೆಮನೆ ಇರುವುದಿಲ್ಲ. ತಿಂಡಿ ಬೇರೆಲ್ಲೋ ತಯಾರಾಗಿ, ತಣ್ಣಗೆ ಬಂದು, ಇಲ್ಲಿ ಬಿಸಿಯಾಗುತ್ತದೆ. ಬಿಸಿ ಮಾಡುವುದು ಹೇಗೆ ಎನ್ನುವುದರಲ್ಲೇ ಬರ್ಗರಿನ ಹಣೆಬರಹ ಇದೆ. ಬನ್ನನ್ನು ಎರಡಾಗಿ ಬಿಡಿಸಿ, ಒಳಮೈಗೆ ಬೆಣ್ಣೆ ಸವರಿ, ಕಾದ ಹೆಂಚಿನ ಮೇಲೆ ಒತ್ತಿದರೆ ಕಂದು ಬಣ್ಣ ಬರುತ್ತದೆ, ಪರಿಮಳ ಏಳುತ್ತದೆ; ಆ ಹುರಿದ ಪದರ ಮತ್ತು ಬೆಣ್ಣೆ ಸೇರಿ ಸಾಸಿನ ತೇವ ಒಳಗಿಳಿಯದಂತೆ ತಡೆಯುತ್ತವೆ. ಹಾಗಲ್ಲದೆ ಇಡೀ ಬರ್ಗರನ್ನು ಮೈಕ್ರೊವೇವಿಗೆ ತಳ್ಳಿದರೆ? ಮೊದಲ ನಿಮಿಷ ಮೆತ್ತಗೆ, ಆರುತ್ತ ಬಂದಂತೆ ಜಗಿದರೂ ಹರಿಯದಷ್ಟು ನಾರು. ಅಂಥದ್ದೊಂದು ಅಂಗಡಿ ನಮ್ಮ ಬಡಾವಣೆಯ ಕಡೆಯೇ ಇದೆ. ಕಾಫಿ ಬಹಳ ಚೆನ್ನಾಗಿ ಮಾಡುತ್ತಾರೆ, ಬರ್ಗರ್ ಬೇಡ. ಅಲ್ಲಿನ ಹುಡುಗನಿಗೇ ಹೇಳಿದ್ದೇನೆ, “ಬನ್ನು ಹೆಂಚಿನ ಮೇಲೆ ಹಾಕಪ್ಪ” ಎಂದು. “ಹೆಂಚೇ ಕೊಟ್ಟಿಲ್ಲ ಅಂಕಲ್” ಅಂದ. ಅವನೇನು ಮಾಡಿಯಾನು, ಪಾಪ.

ನಾನು ತರುವುದು ಇನ್ನೊಂದು ಕಡೆಯಿಂದ. ಅಲ್ಲಿ ಹೆಂಚಿದೆ. ಬಾಕ್ಸು ಕೈಗೆ ಬಂದಾಗ ತಳ ಬೆಚ್ಚಗಿರುತ್ತದೆ. ಮುಚ್ಚಳ ತೆಗೆದರೆ ಎಳ್ಳು ಉದುರಿಸಿದ, ಮೇಲುಮೈ ಹೊಳೆಯುವ ಬನ್ನು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುವ ಉತ್ತರ ಕರ್ನಾಟಕದವರಿಗೆ ಈ ಎಳ್ಳು ಹೊಸದಲ್ಲ. ಅದರ ಕೆಳಗೆ ಲೆಟ್ಯೂಸಿನ ಒಂದು ಎಲೆ, ಅದರಂಚು ಬಿಸಿಗೆ ಸೊರಗಿ ಗಾಜಿನಷ್ಟು ತೆಳ್ಳಗೆ ಕಾಣುತ್ತದೆ. ಈರುಳ್ಳಿ ಬಿಲ್ಲೆ, ಟೊಮೆಟೊ ಬಿಲ್ಲೆ, ಕರಗಿ ಟಿಕ್ಕಿಗೆ ಅಂಟಿದ ಚೀಸು. ಟಿಕ್ಕಿಯನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದಿರುತ್ತಾರೆ. ಒಳಗೆ ಆಲೂಗಡ್ಡೆ, ಬಟಾಣಿ, ಒಂದಿಷ್ಟು ಕ್ಯಾರೆಟ್. ಬಟಾಣಿ ಪೂರ್ತಿ ನುರಿಯದೆ ಅಲ್ಲಲ್ಲಿ ಇಡಿಯಾಗಿ ಸಿಗಬೇಕು. ಸಿಕ್ಕರೆ ಆ ಅಡುಗೆಮನೆಯಲ್ಲಿ ಯಾರೋ ತಿಂದು ನೋಡುವವರಿದ್ದಾರೆ ಎಂದು ಅರ್ಥ.

ಬಾಕ್ಸಿನ ಮಾತು ಬಂತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನೆಲ್ಲ ನಿಷೇಧಿಸಿತು. 2022ರ ಜುಲೈಯಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶಾದ್ಯಂತ ತಡೆ ಬಿತ್ತು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್‌ನವರು 1990ರಲ್ಲೇ ಥರ್ಮೊಕೋಲಿನ ಪೆಟ್ಟಿಗೆ ಬಿಡಲು ಒಪ್ಪಿದ್ದರು. ಇದೆಲ್ಲ ಭೂಮಿಗೆ ಒಳ್ಳೆಯದೇ, ಅದರ ಜೊತೆಗೆ ಬರ್ಗರಿಗೂ ಒಳ್ಳೆಯದು. ಬಿಸಿ ಟಿಕ್ಕಿಯಿಂದ ಆವಿ ಏಳುತ್ತಲೇ ಇರುತ್ತದಲ್ಲ, ಪ್ಲಾಸ್ಟಿಕ್ ಮುಚ್ಚಳವಾದರೆ ಅದು ಅಲ್ಲೇ ಹನಿಗಟ್ಟಿ ಬನ್ನಿನ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ರಟ್ಟಾದರೆ ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಬಾಳೆಲೆಯ ಮೇಲೆ ಪೇಪರ್ ಸುತ್ತುತ್ತಿದ್ದ ನಮ್ಮ ಪಾರ್ಸಲ್ಲಿನವರಿಗೆ ಇದು ಎಂದೋ ಗೊತ್ತಿತ್ತು. ಎಲೆ ಎಣ್ಣೆ ತಡೆಯುತ್ತಿತ್ತು, ಪೇಪರು ಆವಿ ಕುಡಿಯುತ್ತಿತ್ತು. ಅಂದಮೇಲೆ ಬರ್ಗರ್ ತರುವಾಗ ಮುಚ್ಚಳದ ಒಂದು ಮೂಲೆ ತೆರೆದಿಟ್ಟುಕೊಂಡೇ ನಡೆಯಿರಿ. ದಾರಿಯಲ್ಲಿ ಹೋಗುವವರಿಗೆ ಘಮ ಬಂದರೆ ಬರಲಿ.

ನಡೆಯುವುದು ಎಂದೆನಲ್ಲ, ಬರ್ಗರ್ ಹುಟ್ಟಿದ್ದೇ ನಡೆಯುವವರಿಗಾಗಿ ಎಂದರೆ ನಂಬುತ್ತೀರಾ? ಅದರ ಹುಟ್ಟೂರು ತನ್ನದೆಂದು ಹೇಳಿಕೊಳ್ಳುವ ಪಟ್ಟಣಗಳು ಅಮೆರಿಕದಲ್ಲಿ ಹಲವಿವೆ. ವಿಸ್ಕಾನ್ಸಿನ್ನಿನ ಸೇಮೂರ್ ಎಂಬ ಊರಿನವರು ಹೇಳುವುದು 1885ರ ಜಾತ್ರೆಯ ಕಥೆ. ಚಾರ್ಲಿ ನಗ್ರೀನ್ ಎಂಬ ಹುಡುಗ ಮಾಂಸದುಂಡೆ ಮಾರುತ್ತಿದ್ದ. ಜಾತ್ರೆ ಸುತ್ತುವ ಜನಕ್ಕೆ ತಟ್ಟೆ ಹಿಡಿದು ನಿಲ್ಲಲು ಪುರಸೊತ್ತಿಲ್ಲ. ಉಂಡೆಯನ್ನು ಚಪ್ಪಟೆ ಮಾಡಿ ಎರಡು ಬ್ರೆಡ್ಡಿನ ನಡುವೆ ಇಟ್ಟು ಕೊಟ್ಟ, ತಿನ್ನುತ್ತ ತಿರುಗಲಿ ಎಂದು. ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನ ಲೂಯಿಸ್ ಲಂಚ್ ಹೋಟೆಲಿನವರದ್ದು 1900ರ ಕಥೆ. ಅವಸರದಲ್ಲಿದ್ದ ಗಿರಾಕಿಯೊಬ್ಬ ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದೇನಾದರೂ ಕೊಡಿ ಎಂದನಂತೆ, ಲೂಯಿಸ್ ಲ್ಯಾಸೆನ್ ಮಾಂಸವನ್ನು ಬ್ರೆಡ್ಡಿನಲ್ಲಿಟ್ಟು ಕೊಟ್ಟನಂತೆ. ಆ ಹೋಟೆಲಿನಲ್ಲಿ ಇವತ್ತಿಗೂ ಬನ್ನಿಲ್ಲ, ಸುಟ್ಟ ಬ್ರೆಡ್ಡೇ. ಕೆಚಪ್ ಕೇಳಿದರೂ ಕೊಡುವುದಿಲ್ಲ. ಯಾವ ಊರಿನ ಕಥೆ ನಿಜವೋ ಅವರವರೇ ತೀರ್ಮಾನಿಸಿಕೊಳ್ಳಲಿ. ಎರಡರಲ್ಲೂ ತಿನ್ನುವವನು ಕೂತಿಲ್ಲ ಎನ್ನುವುದನ್ನು ಮಾತ್ರ ಗಮನಿಸಿ. ಬರ್ಗರ್ ಹುಟ್ಟುತ್ತಲೇ ಪಾರ್ಸಲ್!

ಆಮೇಲೆ 1921ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಬಂತು, ಐದು ಸೆಂಟಿಗೊಂದು ಸಣ್ಣ ಬರ್ಗರ್. ಅರೆದ ಮಾಂಸವೆಂದರೆ ಜನ ಅನುಮಾನ ಪಡುತ್ತಿದ್ದ ಕಾಲ. ಅದಕ್ಕೇ ಕಟ್ಟಡಕ್ಕೆಲ್ಲ ಬಿಳಿ ಬಣ್ಣ, ಎದುರಿಗೇ ಕಾಣುವ ಅಡುಗೆ. ಚೀಲದ ಲೆಕ್ಕದಲ್ಲಿ ಕೊಂಡು ಒಯ್ಯಿರಿ ಎಂದೇ ಅವರು ಪ್ರಚಾರ ಮಾಡಿದರು. 1950ರ ದಶಕದಲ್ಲಿ ಮಾಂಸದ ಬಿಲ್ಲೆಗೆ ಐದು ತೂತು ಹೊಡೆದರು, ಈರುಳ್ಳಿಯ ಆವಿ ಆ ತೂತುಗಳಿಂದ ಮೇಲೆ ಬಂದು ಬನ್ನನ್ನೂ ಬೇಯಿಸಲಿ ಎಂದು. ಆವಿಯನ್ನು ಓಡಿಸಲು ನಾನಿಲ್ಲಿ ಮುಚ್ಚಳ ತೆಗೆಯುತ್ತಿದ್ದರೆ ಅವರು ಅದನ್ನೇ ಕರೆದು ಕೂರಿಸಿಕೊಂಡರು. ಒಂದೇ ತಿಂಡಿಗೆ ಎಷ್ಟು ದಾರಿ ನೋಡಿ.

ಇನ್ನೊಂದು ದಾರಿ ತೋರಿಸಿದವರು ನಮ್ಮ ಸೋದರತ್ತೆ. ಅವರು ಹಾಸನದ ಕಡೆಯವರು. ಮುಂಗಾರಿಗೆ ಆಲೂಗಡ್ಡೆ ಹಾಕುವ ಮನೆ. ಪಂಜಾಬಿನ ಜಲಂಧರದಿಂದ ಬರುವ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆಗೆ ಹಾಸನದ ಮಾರುಕಟ್ಟೆಯಲ್ಲಿ ಸಾಲು ನಿಂತವರು. ಅಂಗಮಾರಿ ರೋಗ ಬಿದ್ದು ಹೊಲಕ್ಕೆ ಹೊಲವೇ ಕಪ್ಪಾದದ್ದನ್ನೂ ಕಂಡವರು. ಆಮೇಲೆ ಅವರ ಊರಿನ ಸುತ್ತ ಬಹಳ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದರು. ಅತ್ತೆ ನಮ್ಮ ಮನೆಗೆ ಬಂದಿದ್ದಾಗ ಒಂದು ಸಂಜೆ ನಾನು ಬಾಕ್ಸ್ ತಂದು ಮುಂದಿಟ್ಟೆ.

“ಇದೇನಪ್ಪ, ಬನ್ನೊಳಗೆ ವಡೆ ಇಟ್ಟವ್ರೆ?”

“ಬರ್ಗರ್ ಅಂತ, ಅತ್ತೆ. ತಿಂದು ನೋಡಿ.”

ಅವರು ತಿನ್ನಲಿಲ್ಲ, ಮೊದಲು ಬಿಚ್ಚಿದರು. ಮೇಲಿನ ಬನ್ನು ಪಕ್ಕಕ್ಕೆ, ಲೆಟ್ಯೂಸು ಬೆರಳಲ್ಲಿ ಎತ್ತಿ ಬಾಕ್ಸಿನ ಮೂಲೆಗೆ. ಟಿಕ್ಕಿಯ ಅಂಚು ಮುರಿದು, ಎರಡು ಬೆರಳ ನಡುವೆ ನುರಿದು, ಚೂರು ಬಾಯಿಗಿಟ್ಟುಕೊಂಡರು. “ಗಡ್ಡೆ ಕೋಲ್ಡ್ ಸ್ಟೋರೇಜ್‌ದು ಕಣೋ. ಸೀ ಬಂದೈತೆ. ಅದಕ್ಕೇ ನೋಡು, ಹಿಂಗೆ ಕೆಂಪಗಾಗಿರೋದು” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ತೀರಾ ತಂಪಿನಲ್ಲಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆಯಾಗುತ್ತದೆ. ಎಣ್ಣೆಗೆ ಬಿದ್ದರೆ ಬೇಗ ಕಂದು ತಿರುಗುತ್ತದೆ. ಚಿಪ್ಸ್ ಮಾಡುವ ಕಂಪನಿಗಳು ಅದಕ್ಕೆಂದೇ ಬೇರೆ ತಳಿ, ಬೇರೆ ಉಷ್ಣತೆ ಎಂದೆಲ್ಲ ಎಚ್ಚರ ವಹಿಸುತ್ತವೆ. ಅತ್ತೆಗೆ ಅದು ನಾಲಿಗೆಯ ತುದಿಯಲ್ಲೇ ತಿಳಿಯಿತು. ಈ ಬಗೆಯ ತಿಳಿವಳಿಕೆಯ ಮುಂದೆ ನನಗೆ ಯಾವಾಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಆಮೇಲೆ ಅವರು ಮಾಡಿದ್ದನ್ನು ಕೇಳಿ. ಟಿಕ್ಕಿಗೆ ಮನೆಯ ಚಟ್ನಿಪುಡಿ ಉದುರಿಸಿಕೊಂಡು ಅದನ್ನು ಬೇರೆಯಾಗಿ ತಿಂದರು. ಬನ್ನನ್ನು ಚೂರು ಮಾಡಿ ಫಿಲ್ಟರ್ ಕಾಫಿಯಲ್ಲಿ ಅದ್ದಿ ತಿಂದರು. ಚೀಸಿನ ಉಪ್ಪು, ಬೆಣ್ಣೆಯ ಜಿಡ್ಡು ಹತ್ತಿದ ಬನ್ನು ಕಾಫಿಯ ಕಹಿಯಲ್ಲಿ ಅದ್ದಿದರೆ ಹೇಗಿರುತ್ತದೆ? ನಾನೂ ಅದ್ದಿದೆ. ಬಹಳ ಚೆನ್ನಾಗಿರುತ್ತದೆ! ಕಾಫಿ ಶಾಪಿನಲ್ಲಿ ಕೂತಿದ್ದರೆ ಅತ್ತೆ ಇಷ್ಟು ನಿರಾಳವಾಗಿ ಬಿಚ್ಚುತ್ತಿದ್ದರೇ, ಅದ್ದುತ್ತಿದ್ದರೇ? ಪಾರ್ಸಲ್ಲಿನ ಸುಖ ಇರುವುದೇ ಇಲ್ಲಿ. ಬೈಟು ಕಾಫಿಯ ಊರಿನಲ್ಲಿ ಬರ್ಗರನ್ನು ಬೈಟು ಮಾಡುವುದು ಹೇಗೆ ಎಂಬ ನನ್ನ ಬಹುದಿನದ ಪ್ರಶ್ನೆಗೂ ಅವರೇ ಪರಿಹಾರ ತೋರಿಸಿದರು. ಕತ್ತರಿಸಲು ಹೋದರೆ ಸಾಸು ಪಕ್ಕಕ್ಕೆ ಜಾರುತ್ತದೆ, ಟೊಮೆಟೊ ಹಿಂದಿನಿಂದ ಹೊರಬೀಳುತ್ತದೆ. ಬಿಚ್ಚಿದರೆ ಎಲ್ಲರಿಗೂ ಅವರವರಿಗೆ ಬೇಕಾದದ್ದು.

ಅತ್ತೆಗೆ ಬನ್ನು ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಅಯ್ಯಂಗಾರ್ ಬೇಕರೀದು ಇದಕ್ಕಿಂತ ಲೇಸು” ಎಂದರು. ಹಾಸನದವರ ಅಭಿಮಾನ ಎಂದು ತಳ್ಳಿಹಾಕಬೇಡಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರಲ್ಲಿ ಬಹುಪಾಲು ಹಾಸನ ಜಿಲ್ಲೆಯಿಂದಲೇ ಬಂದವರು. ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು, ವಿ.ವಿ. ಪುರದ ವಿ.ಬಿ. ಬೇಕರಿ 1953ರದ್ದು. ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು ಹಾಕಿದ ಖಾರ ಬನ್ನು ಸಂಜೆ ಒಲೆಯಿಂದ ಈಚೆ ಬರುವ ಹೊತ್ತಿಗೆ ಅಲ್ಲಿ ನಿಂತಿದ್ದೀರಾ? ಬನ್ನು ಸೀಳಿ ಬೆಣ್ಣೆ ಮೆತ್ತಿ ಕಾಂಗ್ರೆಸ್ ಕಡಲೆಬೀಜ ತುಂಬಿ ಕೊಡುತ್ತಾರೆ. ವಿ.ಬಿ. ಬೇಕರಿಯ ಮಗ್ಗುಲಲ್ಲೇ ಇರುವ ತಿಂಡಿ ಬೀದಿಯಲ್ಲಿ ಅದೇ ಬನ್ನಿನೊಳಗೆ ನಿಪ್ಪಟ್ಟು ಮುರಿದು ಹಾಕುತ್ತಾರೆ. ನಡುವೆ ಏನಾದರೂ ಇಟ್ಟು ಬನ್ನು ತಿನ್ನುವುದನ್ನು ಬೆಂಗಳೂರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿರಲಿಲ್ಲ.

ಅದಕ್ಕೇ ಕಾಫಿ ಶಾಪಿನವರಲ್ಲಿ ನನ್ನದೊಂದು ಕೋರಿಕೆ. ದೂರದ ಕಾರ್ಖಾನೆಯಿಂದ ಬಂದು ಫ್ರಿಜ್ಜಿನಲ್ಲಿ ಮಲಗುವ ಬನ್ನು ಬಿಡಿ. ಫ್ರಿಜ್ಜಿನ ತಂಪಿಗೆ ಬ್ರೆಡ್ಡು ಹೊರಗಿಟ್ಟಿದ್ದಕ್ಕಿಂತ ಬೇಗ ಗಡುಸಾಗುತ್ತದೆ ಎಂದು ಬೇಕರಿಯವರನ್ನು ಕೇಳಿದರೆ ಹೇಳುತ್ತಾರೆ. ನಿಮ್ಮ ರಸ್ತೆಯ ತಿರುವಿನಲ್ಲೇ ಇರುವ ಅಯ್ಯಂಗಾರ್ ಬೇಕರಿಯಿಂದ ದಿನದ ಬನ್ನು ದಿನ ತರಿಸಿ. ಸಕ್ಕರೆ ಕೊಂಚ ಕಡಿಮೆ ಹಾಕಿ ಎಂದರೆ ಅವರು ಹಾಕುತ್ತಾರೆ. ಬೀಜ ಬಾಬಾಬುಡನ್‌ಗಿರಿಯ ಸೀಮೆಯದು, ಬನ್ನು ಹಾಸನದ ಕೈಯದು, ಗಡ್ಡೆಯೂ ಆ ಕಡೆಯದೇ ಆಗಿಬಿಟ್ಟರೆ ಬರ್ಗರಿಗೆ ಇನ್ನೇನು ಬೇಕು?

ಅವರು ತರಿಸುವತನಕ ನೀವು ಹೀಗೆ ಮಾಡಿ. ಪಾರ್ಸಲ್ ಹೇಳುವಾಗ “ಸಾಸ್ ಬೇರೆ ಕೊಡಿ” ಎನ್ನಿ. ಬರುವ ದಾರಿಯಲ್ಲಿ ಬೇಕರಿಯಲ್ಲಿ ಖಾರ ಬನ್ನು ತೆಗೆದುಕೊಳ್ಳಿ. ಮನೆಯಲ್ಲಿ ಹೆಂಚು ಕಾಯಿಸಿ, ಬೆಣ್ಣೆ ಹಾಕಿ, ಖಾರ ಬನ್ನನ್ನು ಸೀಳಿ ಒಳಮೈ ಕೆಂಪಗೆ ಮಾಡಿಕೊಂಡು, ಕಾಫಿ ಶಾಪಿನ ಟಿಕ್ಕಿಯನ್ನು ಎತ್ತಿ ಅದರೊಳಗಿಡಿ. ಉಳಿದ ಎಳ್ಳಿನ ಬನ್ನು ಕಾಫಿಗೆ. ಡಿಕಾಕ್ಷನ್ ಮಾತ್ರ ಹೊರಡುವ ಮೊದಲೇ ಇಳಿಸಿಟ್ಟು ಹೋಗಿರಿ, ಬಂದಮೇಲೆ ಕಾಯುತ್ತ ಕೂತರೆ ಟಿಕ್ಕಿ ಆರುತ್ತದೆ.